ಬಾಯಿಗೆ ಬೇಡ, ಮೈಗೆ ಇರಲಿ

ನನ್ನ ಮಗನ ಕೆನ್ನೆ ಕೆಂಪಾದ ದಿನದಿಂದ ನಮ್ಮ ಬಂಧುಬಳಗದಲ್ಲಿ ಡಾಕ್ಟರರಲ್ಲದವರು ಯಾರೂ ಉಳಿಯಲಿಲ್ಲ. ಅವನು ಹುಟ್ಟಿದ್ದು ರಾಮದುರ್ಗದಲ್ಲಿ, ನನ್ನ ತವರಿನಲ್ಲಿ. ಹುಟ್ಟಿದಾಗ ಮೈ ಒಣಒಣ ಇತ್ತು, ಅಷ್ಟೆ. ತೊಟ್ಟಿಲಿಗೆ ಹಾಕಿ ಕೆಲವು ವಾರ ಕಳೆಯುವಷ್ಟರಲ್ಲಿ ಎರಡೂ ಕೆನ್ನೆ ಬಿರಿದು ನೀರು ಒಸರತೊಡಗಿತು. ಮೊಣಕೈಯ ಮಡಿಕೆ, ಮೊಣಕಾಲ ಹಿಂಭಾಗ, ಕಿವಿಯ ಬುಡ, ಎಲ್ಲ ಕಡೆ ಅದೇ ಕಥೆ. ನೋಡಲು ಬಂದವರು ಮೊದಲು ಕೂಸಿನ ಮುಖ ನೋಡುತ್ತಿದ್ದರು, ಆಮೇಲೆ ನನ್ನ ಮುಖ. "ತಾಯಿ ಏನರ ತಿಂದಿರಬೇಕ ನೋಡ್ರಿ" ಎಂದು ನನ್ನೆದುರಿಗೇ ನನ್ನ ಅವ್ವನಿಗೆ ಹೇಳುತ್ತಿದ್ದರು. ನಾನು ಅಲ್ಲೇ ಹೊರಸಿನ ಮೇಲೆ ಕೂತಿರುತ್ತಿದ್ದೆ, ಕಿವಿ ಎರಡೂ ನೆಟ್ಟಗಿದ್ದವು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಅಂಗಾಂಶಗಳ ಪಾಠ ಬಂದಾಗ ಪ್ರತಿ ವರ್ಷ ಬೋರ್ಡಿನ ಮೇಲೆ ಒತ್ತೊತ್ತಾಗಿ ಕೂತ ಜೀವಕೋಶಗಳ ಚಿತ್ರ ಬರೆಯುತ್ತೇನೆ. ಪುಸ್ತಕದಲ್ಲಿ ಅದಕ್ಕೆ ಅನುಲೇಪಕ ಅಂಗಾಂಶ ಎಂಬ ನಾಲಿಗೆ ತಿರುಗದ ಹೆಸರಿದೆ. ನಾನು ಮಕ್ಕಳಿಗೆ ಮೈಯ ಹೊದಿಕೆ ಎಂದು ಹೇಳುತ್ತೇನೆ. ಹೊರಗೆ ಚರ್ಮ, ಒಳಗೆ ಮೂಗು, ಗಂಟಲು, ಉಸಿರಿನ ನಾಳ, ಕರುಳು, ಎಲ್ಲದಕ್ಕೂ ಈ ಹೊದಿಕೆ ಇದೆ. ಬೇಕಾದ್ದನ್ನು ಒಳಗೆ ಬಿಡುತ್ತದೆ, ಬೇಡದ್ದನ್ನು ಹೊಸ್ತಿಲಲ್ಲೇ ತಡೆಯುತ್ತದೆ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅಂಕ ತೆಗೆದುಕೊಳ್ಳುತ್ತಾರೆ. ನಮ್ಮ ಮನೆಯ ಬಚ್ಚಲಲ್ಲಿ ಮಾತ್ರ ಆ ಪಾಠಕ್ಕೆ ಮೂರು ಕಾಸಿನ ಕಿಮ್ಮತ್ತೂ ಇರಲಿಲ್ಲ.

ನನ್ನ ಗಂಡನ ಮನೆಯವರು ಬೈಲಹೊಂಗಲದಲ್ಲಿ ಅಜ್ಜನ ಕಾಲದಿಂದ ಶೇಂಗಾ ಎಣ್ಣೆಯ ಗಾಣ ನಡೆಸಿಕೊಂಡು ಬಂದವರು. ಮೊದಲು ಎತ್ತಿನ ಗಾಣವಿತ್ತಂತೆ, ಈಗ ಕರೆಂಟಿನದು. ಗಾಣ ಮನೆಯ ಹಿಂದೆಯೇ. ಗೋಡೆಗೆ, ಹಾಸಿಗೆಗೆ, ದೇವರ ಜಗಲಿಗೆ, ಗಂಡಸರ ಅಂಗಿಗೆ, ಎಲ್ಲದಕ್ಕೂ ಶೇಂಗಾದ ವಾಸನೆ. ಗಾಣದಿಂದ ಇಳಿದ ಎಣ್ಣೆಯನ್ನು ಗಿರಾಕಿಗೆ ಕೊಡುವ ಮೊದಲು ತಿಳಿಯಾಗಲು ಬಿಡುತ್ತಾರೆ. ಗಸಿ ತಳಕ್ಕೆ ಕೂತಮೇಲೆ ಮೇಲಿನದನ್ನು ಬಸಿದು ಮಾರುತ್ತಾರೆ. ಆದರೆ ಮನೆಯ ಕೂಸಿಗೆ ಆ ತಿಳಿ ಎಣ್ಣೆ ಸಲ್ಲದು. ಕೂಸಿಗೆ ಆಗಷ್ಟೇ ಇಳಿದ, ಕದಡಿದ, ಗಸಿ ಸಮೇತದ ಎಣ್ಣೆಯೇ ಆಗಬೇಕು. ತಾಕತ್ತೆಲ್ಲ ಗಸಿಯಲ್ಲಿರುತ್ತದೆ, ಅದನ್ನು ಮಂದಿಗೆ ಕೊಟ್ಟು ನಮ್ಮ ಕೂಸಿಗೆ ನೀರಿನಂಥದ್ದು ಹಚ್ಚುವುದೇ ಎಂಬುದು ಅವರ ವಾದ. ನಾನು ಬಾಣಂತನದಲ್ಲಿದ್ದಾಗಲೇ ಅಂಥ ಎಣ್ಣೆಯ ಒಂದು ಡಬ್ಬಿ ಬೈಲಹೊಂಗಲದಿಂದ ರಾಮದುರ್ಗಕ್ಕೆ ಬಸ್ಸಿನಲ್ಲಿ ಬಂದಿತ್ತು. ಬೀಗರು ಕಳಿಸಿದ್ದೆಂದು ನನ್ನ ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ಹಚ್ಚಿದಳು.

ಕೂಸನ್ನು ಕರೆದುಕೊಂಡು ಗಂಡನ ಮನೆಗೆ ಬಂದಮೇಲೆ ಎರೆಯುವ ಕೆಲಸ ಅತ್ತೆಯದಾಯಿತು. ಅವರು ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಆ ಕದಡಿದ ಎಣ್ಣೆಯನ್ನು ಬಿರಿದ ಕೆನ್ನೆಗೆ, ಒಡೆದ ಮಡಿಕೆಗಳಿಗೆ ತಿಕ್ಕುತ್ತಿದ್ದರು. ಆಮೇಲೆ ಕಡಲೆ ಹಿಟ್ಟು ಹಚ್ಚಿ ಎಣ್ಣೆ ಬಿಡುವ ತನಕ ಉಜ್ಜುವುದು. ಆಮೇಲೆ ನಾವು ಕೈ ಇಡಲು ಅಂಜುವಂಥ ಬಿಸಿನೀರು. ಹೊಟ್ಟು ಏಳುವುದು ಹೆಚ್ಚಾದಾಗ ಆ ನೀರಿಗೆ ದವಾಖಾನೆಯ ವಾಸನೆಯ ಔಷಧದ ನೀರನ್ನೂ ಬೆರೆಸತೊಡಗಿದರು. ಅದನ್ನು ನೆಲ ಒರೆಸಲು ತಂದಿಟ್ಟಿದ್ದೆವು. ಕೂಸು ಉಸಿರು ಕಟ್ಟಿ ಅಳುತ್ತಿತ್ತು. "ಅಳ್ಳಿ ಬಿಡು, ಅತ್ತರ ಎದಿ ಗಟ್ಟಿ ಆಗತೈತಿ" ಎನ್ನುತ್ತಿದ್ದರು ಅತ್ತೆ.

"ಅತ್ತ್ಯಾರ, ಚರ್ಮ ಹರದೈತ್ರಿ. ಅಷ್ಟ ಉಜ್ಜಬ್ಯಾಡ್ರಿ" ಎಂದು ನಾನು ಬಚ್ಚಲ ಬಾಗಿಲಲ್ಲಿ ನಿಂತು ಹೇಳುತ್ತಿದ್ದೆ.

"ಹರದ ಚರ್ಮಕ್ಕ ಎಣ್ಣಿ ಹಚ್ಚಲಾರದ ಮತ್ತೇನ ಹಚ್ಚತಾರವಾ? ನಿನ್ನ ಗಂಡನ್ನೂ ಇದ ಎಣ್ಣ್ಯಾಗ ಬೆಳಸೇನಿ. ಹೆಂಗ ಅದಾನ ನೋಡು, ಗುಂಡಕಲ್ಲ ಇದ್ದಂಗ. ನಿನ್ನ ಬುಕ್ಕಿನ ಶಾಣ್ಯಾತನ ಸಾಲ್ಯಾಗ ಇರ್ಲಿ."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೂಸನ್ನು ಕಸಿದುಕೊಂಡು ಹೋಗಬೇಕೆನಿಸುತ್ತಿತ್ತು. ಆದರೆ ಎಣ್ಣೆಯಿಂದ ಮುಂದೆ ಏನಾಗುತ್ತದೆಂದು ಆಗ ನನಗೂ ಗೊತ್ತಿರಲಿಲ್ಲ; ಗೊತ್ತಿದ್ದದ್ದು ಉಜ್ಜಬಾರದು ಎಂಬುದಷ್ಟೆ. ಅದನ್ನು ಹೇಳಿದೆ, ದಿನಾ ಹೇಳಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಇನ್ನು ಊಟದ ವಿಷಯ. ಶೇಂಗಾ ಪಿತ್ತ, ಮೈ ಕಡಿಯುತ್ತದೆ ಎಂದು ಅತ್ತೆ ತೀರ್ಪು ಕೊಟ್ಟರು. ಹಲ್ಲು ಬಂದು ಮೈ ಗಟ್ಟಿಯಾಗುವ ತನಕ ಕೂಸಿನ ಬಾಯಿಗೆ ಶೇಂಗಾ ಸೋಕಬಾರದು, ಹಾಲೂಡುವ ನಾನೂ ಮುಟ್ಟಬಾರದು. ಬದನೆಕಾಯಿ ಬೇಡ, ಹುಳಿ ಬೇಡ, ಖಾರ ಬೇಡ. ಮನೆಯ ಹಿಂದೆ ಚೀಲಗಟ್ಟಲೆ ಶೇಂಗಾ, ರೊಟ್ಟಿಗೆ ಹಚ್ಚಿಕೊಳ್ಳಲು ಒರಳಲ್ಲಿ ದಿನಾ ಕುಟ್ಟುವ ಶೇಂಗಾ ಹಿಂಡಿ, ಎಲ್ಲರ ತಾಟಿನಲ್ಲೂ ಅದೇ. ನನ್ನ ತಾಟಿನಲ್ಲಿ ಮಾತ್ರ ರೊಟ್ಟಿ ಮತ್ತು ಸಪ್ಪನೆ ಬೇಳೆ ಸಾರು. ಅತ್ತೆ ಹಿಂಡಿ ಕುಟ್ಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದೇ ಕೈಯಿಂದ ಕೂಸಿನ ಕೆನ್ನೆ ಹಿಂಡಿ ಮುದ್ದಾಡುತ್ತಿದ್ದರು. ಬಾಯಿಗೆ ಬೇಡ, ಮೈಗೆ ಇರಲಿ. ಒಂದೂವರೆ ವರ್ಷ ಹೀಗೆ ನಡೆಯಿತು.

ಮಗನ ಹಲ್ಲು ಬಂದವು. ಮೈ ಹಾಗೇ ಇತ್ತು. ಅತ್ತೆ ಅವನ ಮೈ ವಾಸಿಯಾಗಲೆಂದು ಸವದತ್ತಿಯ ಗುಡ್ಡಕ್ಕೆ ಹರಕೆ ಹೊತ್ತಿದ್ದರು. ವಾಸಿಯಾಗುವುದನ್ನು ಕಾಯದೆ ಅದನ್ನು ತೀರಿಸಿ ಕೆಳಗಿಳಿದು ಬಂದು ಸವದತ್ತಿಯಲ್ಲಿ ಅವರ ತವರಮನೆಯಲ್ಲಿ ಊಟಕ್ಕೆ ಕೂತೆವು. ಶೇಂಗಾ ಹೋಳಿಗೆ ಮಾಡಿದ್ದರು. "ಹಲ್ಲು ಬಂದಾವು, ಇನ್ನ ತಿನ್ಲಿ" ಎಂದು ಅತ್ತೆ ತಾವೇ ಒಂದು ಚೂರು ತುಪ್ಪದಲ್ಲಿ ಅದ್ದಿ ಮಗನ ಬಾಯಿಗಿಟ್ಟರು. ಅವನು ಜನ್ಮದಲ್ಲಿ ಮೊದಲ ಸಲ ಶೇಂಗಾ ತಿಂದದ್ದು ಅದು. ನಾವು ಮಜ್ಜಿಗೆ ಅನ್ನಕ್ಕೆ ಬರುವ ಮೊದಲೇ ಅವನ ತುಟಿ ಹೋಳಿಗೆಯಷ್ಟೇ ದಪ್ಪವಾಯಿತು. ಕಣ್ಣು ಮುಚ್ಚಿಹೋದವು. ಹೊಟ್ಟೆಯ ಮೇಲೆ, ಬೆನ್ನ ಮೇಲೆ ದದ್ದು ಎದ್ದವು. ಇರುವೆ ಕಡಿದಿದೆ ಎಂದರು ಒಬ್ಬರು. ಗುಡ್ಡದ ಬಿಸಿಲು ಎಂದರು ಇನ್ನೊಬ್ಬರು. ಯಾರದೋ ಕಣ್ಣು ಬಿದ್ದಿದೆ ಎಂದು ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮಗು ತಿಂದದ್ದನ್ನೆಲ್ಲ ಕಾರಿಕೊಂಡಿತು, ಅದರಿಂದಲೋ ಏನೋ, ಸಂಜೆಗೆ ಬಾವು ಇಳಿಯಿತು. ನಾನು ಮರುದಿನವೇ ಯಾರನ್ನೂ ಕೇಳದೆ ಮಗನನ್ನು ಎತ್ತಿಕೊಂಡು ಬೆಳಗಾವಿಯ ಬಸ್ಸು ಹತ್ತಿದೆ. ಗಂಡ ಬಸ್‌ಸ್ಟ್ಯಾಂಡಿಗೆ ಓಡಿಬಂದು ಜೊತೆಗೆ ಹತ್ತಿದರು.

ಅಲ್ಲಿ ಮಕ್ಕಳ ಅಲರ್ಜಿ ನೋಡುವ ಡಾಕ್ಟರು ಮಗನ ಕೈಗೆ ಬೇರೆಬೇರೆ ಪದಾರ್ಥಗಳ ಹನಿ ಇಟ್ಟು ಚುಚ್ಚಿ ನೋಡಿದರು. ಶೇಂಗಾದ ಹನಿ ಇಟ್ಟ ಜಾಗ ಗುಳ್ಳೆಯಾಗಿ ಎದ್ದಿತು. ನಾನು ಅವರ ಮೇಲೇ ರೇಗಿದೆ. ಅವನು ಆ ಹೋಳಿಗೆಗೆ ಮೊದಲು ಒಂದು ಕಾಳೂ ತಿಂದಿಲ್ಲ, ನಾನೂ ತಿಂದಿಲ್ಲ, ಮೈಗೆ ಅದರ ಮೇಲೆ ಸಿಟ್ಟು ಬರಲು ಪರಿಚಯವಾದರೂ ಆಗಿರಬೇಕಲ್ಲ ಎಂದೆ. ಅವರು ಸಮಾಧಾನದಿಂದ ಕೇಳಿದರು, "ಮೈಗೆ ಏನ ಹಚ್ಚತೀರಿ?"

ನನ್ನ ಗಂಡ ಹೆಮ್ಮೆಯಿಂದಲೇ ಗಸಿ ಎಣ್ಣೆಯ ಕಥೆ ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟರು.

"ನಿಮ್ಮ ಮನಿಗೆ ಬೀಗರು ಮುಂಬಾಗಲಿಂದ ಬಂದ್ರ ಏನ ಮಾಡ್ತೀರಿ?"

"ನೀರ ಕೊಟ್ಟ ಕುಂಡರಸ್ತೀವ್ರಿ" ಎಂದರು ಗಂಡ.

"ಅವರ ನಿಮ್ಮ ಹಿತ್ತಲ ಗ್ವಾಡಿಗೆ ಕನ್ನ ಹಾಕಿ ಬಂದ್ರ?"

"ಬಡೀತೀವ್ರಿ."

"ಆತಲ್ಲ. ಬಾಯಿಂದ ಹೊಟ್ಟಿಗೆ ಬಂದದ್ದನ್ನ ಮೈ ಬೀಗರು ಅಂತ ತಿಳೀತದ. ಒಡದ ಚರ್ಮದಿಂದ ಒಳಗ ಬಂದದ್ದನ್ನ ಕಳ್ಳರು ಅಂತ ಗುರ್ತ ಇಟ್ಟಕೋತದ. ಆಮ್ಯಾಲ ಅಂವ ಮುಂಬಾಗಲಿಂದ ಬಂದ್ರೂ ಬಡಿಗಿ ತಗೊಂಡ ನಿಲ್ಲತದ. ಎಣ್ಣಿ ತಿಳಿ ಇದ್ರ ಅದರಾಗ ಶೇಂಗಾದ ಸತ್ವ ಕಡಿಮಿ. ನೀವು ಗಸೀನ ಹಚ್ಚೀರಿ."

ಎಣ್ಣೆಯೊಂದೇ ಕಾರಣ ಎಂದು ತಾನು ಖಾತ್ರಿಯಾಗಿ ಹೇಳಲಾರೆ ಎಂದೂ ಅವರು ಹೇಳಿದರು. ಕೆಲವು ಮಕ್ಕಳಿಗೆ ಹೊದಿಕೆ ಹುಟ್ಟಿನಿಂದಲೇ ತೆಳುವಾಗಿರುತ್ತದೆ, ನನ್ನ ಮಗನದೂ ಹಾಗಿರಬಹುದು. ಆದರೆ ತೆಳು ಗೋಡೆಯನ್ನು ಬಿಸಿನೀರು, ಹಿಟ್ಟು, ನೆಲ ಒರೆಸುವ ಔಷಧ ಹಾಕಿ ದಿನಾ ಕೆರೆದರೆ ಉಳಿಯುವುದೇನು? ಇಂಥ ಮಕ್ಕಳಿಗೆ ಮೊದಲು ಚರ್ಮ, ಆಮೇಲೆ ಹೊಟ್ಟೆ, ಆಮೇಲೆ ಮೂಗು ಮತ್ತು ಎದೆ ಎಂದು ಒಂದೊಂದಾಗಿ ತೊಂದರೆ ಕೊಡಬಹುದು, ಎಲ್ಲ ಕಡೆಯೂ ಅದೇ ಹೊದಿಕೆ ಎಂದರು. ನಾನು ಬೋರ್ಡಿನ ಮೇಲೆ ಬರೆಯುವ ಪಾಠವನ್ನೇ ನನಗೆ ಹೇಳುತ್ತಿದ್ದರು. ಉಗುರು ಬೆಚ್ಚಗಿನ ನೀರು, ಸ್ನಾನ ಬೇಗ ಮುಗಿಸುವುದು, ಒದ್ದೆ ಮೈ ಇರುವಾಗಲೇ ವಾಸನೆಯಿಲ್ಲದ ಮುಲಾಮು, ಉಜ್ಜುವುದಂತೂ ಇಲ್ಲವೇ ಇಲ್ಲ. ಶೇಂಗಾ ಮೈಗೂ ಇಲ್ಲ, ಬಾಯಿಗೂ ಇಲ್ಲ. ಮುಂದಿನ ಸಲ ಬಾವು ಗಂಟಲೊಳಗೆ ಬಂದರೆ ಉಸಿರು ನಿಲ್ಲಬಹುದು ಎಂದರು. ಒಂದು ಇಂಜೆಕ್ಷನ್ನಿನ ಬಾಟಲಿ, ಸಿರಿಂಜು ಕೊಟ್ಟು, ಎಲ್ಲಿಯ ತನಕ ಎಳೆಯಬೇಕೆಂದು ಗೆರೆ ಹಾಕಿ, ತೊಡೆಯ ಹೊರಬದಿಗೆ ಹೇಗೆ ಚುಚ್ಚಬೇಕೆಂದು ಮೋಸಂಬಿ ಹಣ್ಣಿನ ಮೇಲೆ ನನ್ನಿಂದ ಮಾಡಿಸಿ ತೋರಿಸಿದರು. ಸೂಜಿ ಕಂಡರೆ ಮುಖ ತಿರುಗಿಸುತ್ತಿದ್ದ ನಾನು ಅಂದು ಮೋಸಂಬಿಗೆ ಚುಚ್ಚಿದ್ದೇ ಚುಚ್ಚಿದ್ದು.

ಮನೆಗೆ ಬಂದು ಅತ್ತೆಯನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಮೊಮ್ಮಗನ ಜೀವಕ್ಕೆ ಹೆದರುತ್ತಾರೆಂದುಕೊಂಡಿದ್ದೆ. ಅವರು ಹೆದರಿದ್ದು ಬೇರೆಯದಕ್ಕೆ.

"ಎಣ್ಣಿಯಿಂದ? ನಮ್ಮ ಎಣ್ಣಿಯಿಂದ ಕೂಸಿಗೆ ಬ್ಯಾನಿ ಬಂತಂತ? ಇದನ್ನ ಹೊರಗ ಆಡೀಯವಾ. ಮಂದಿ ಕಿವಿಗೆ ಬಿದ್ರ ಗಾಣದ ಮುಂದ ಒಂದ ನಾಯಿನೂ ನಿಲ್ಲಾಂಗಿಲ್ಲ. ಯಾರರ ಕೇಳಿದ್ರ ಕೂಸಿಗೆ ಉಷ್ಣ ಐತಿ ಅನ್ನು, ಸಾಕು."

ಹೀಗೆ ನನ್ನ ಮಗನಿಗೆ ಜೀವ ತೆಗೆಯುವ ಅಲರ್ಜಿ ಇದೆಯೆಂಬುದು ಉಷ್ಣ ಎಂಬ ಎರಡಕ್ಷರದ ಕೆಳಗೆ ಮುಚ್ಚಿಹೋಯಿತು. ಎರೆಯುವುದನ್ನು ನಾನು ಕೈಗೆ ತೆಗೆದುಕೊಂಡೆ. ಅದಕ್ಕೆ ಅತ್ತೆ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಬಿಡಲಿ ಎಂದು ನಾನೂ ಬಿಟ್ಟೆ. ಮುಲಾಮು ಹಚ್ಚುತ್ತ ಬಂದಂತೆ ಮಗನ ಮೈ ಮೆಲ್ಲಗೆ ಕೂಡಿಕೊಂಡಿತು, ಕೆನ್ನೆಗೆ ಕೆನ್ನೆಯ ಬಣ್ಣ ಬಂತು. ಆದರೆ ಒಳಗೆ ಗುರುತಾದದ್ದು ಹೋಗಲಿಲ್ಲ. ವರ್ಷಕ್ಕೊಮ್ಮೆ ಬೆಳಗಾವಿಗೆ ಹೋಗಿ, ಅವನ ತೂಕಕ್ಕೆ ತಕ್ಕಂತೆ ಗೆರೆ ಹಾಕಿಸಿ, ಹೊಸ ಇಂಜೆಕ್ಷನ್ ತಂದು ಕಪಾಟಿನಲ್ಲಿ ಇಡುತ್ತಿದ್ದೆ. ನನ್ನ ಗಂಡ ಗಾಣದಿಂದ ಬಂದರೆ ಮೊದಲು ಹಿತ್ತಲಲ್ಲಿ ಸೋಪು ಹಚ್ಚಿ ಜಳಕ ಮಾಡಿ, ಬಟ್ಟೆ ಬದಲಿಸಿ, ಆಮೇಲೆಯೇ ಮಗನನ್ನು ಎತ್ತಿಕೊಳ್ಳುತ್ತಿದ್ದರು. ಮಗ ಅಡುಗೆಮನೆಯ ಬಾಗಿಲಲ್ಲಿ ನಿಂತು "ಅಪ್ಪಾ, ಲಗೂ ಮಾಡೋ" ಎಂದು ಕೂಗುತ್ತಿದ್ದ. ಗಂಡ ಒಳ್ಳೆಯವರು. ಆದರೆ ತಾಯಿಯ ಎದುರು ಅವರ ಬಾಯಿಗೆ ಬೀಗ. ಅಕ್ಕತಂಗಿಯರಿಗೆ ನಿಜ ಹೇಳಿರೆಂದರೆ "ಹೇಳೋಣಂತ, ಸ್ವಲ್ಪ ತಡಿ" ಎನ್ನುತ್ತಿದ್ದರು. ಆ ಸ್ವಲ್ಪಕ್ಕೆ ಕೊನೆಯೇ ಇರಲಿಲ್ಲ.

ಮಗನಿಗೆ ಐದು ತುಂಬಿದ ವರ್ಷದ ಪಂಚಮಿ. ಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಮನೆತುಂಬ ಉಂಡಿ ಕಟ್ಟುತ್ತಾರೆ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಪುಟಾಣಿ ಅಂದರೆ ಹುರಿಗಡಲೆ ಹಿಟ್ಟಿನ ಉಂಡಿ. ಶೇಂಗಾ ಉಂಡಿ ಕಟ್ಟುವುದಕ್ಕೆ ಮೊದಲೇ, ಬೇರೆ ಪಾತ್ರೆಯಲ್ಲಿ, ನಾನು ಮಗನಿಗೆಂದು ಪುಟಾಣಿ ಉಂಡಿ ಕಟ್ಟಿ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೆ. ಕಿತ್ತೂರಿಗೆ ಕೊಟ್ಟ ನನ್ನ ಸಣ್ಣ ನಾದಿನಿ ಬಂದಿದ್ದಳು. ಮಗನ ಮೇಲೆ ಅವಳಿಗೆ ಜೀವ. ಅವಳು ಬಂದವಳೇ ನನ್ನ ಡಬ್ಬಿ ನೋಡಿ ನಕ್ಕಳು. "ಏನ ವೈನಿ, ಇನ್ನೂ ಉಷ್ಣ ಇಳದಿಲ್ಲೇನು? ಗಾಣದವರ ಮೊಮ್ಮಗ ಶೇಂಗಾ ತಿನ್ನಾಂಗಿಲ್ಲ ಅಂದ್ರ ಮಂದಿ ನಗತಾರ."

"ನಗಲಿ. ಒಂದ ಕಾಳೂ ಕೊಡಬ್ಯಾಡ. ಜೀವಕ್ಕ ಅಪಾಯ ಐತಿ" ಎಂದೆ. ಅವಳು ತಾಯಿಯ ಮುಖ ನೋಡಿದಳು. ಅತ್ತೆ ಕಣ್ಣಲ್ಲೇ ಏನೋ ಅಂದರು. ಏನಂದರೆಂದು ನನಗೆ ಈಗಲೂ ಕಾಣುತ್ತದೆ: ಅಕಿಗೆ ಬುಕ್ಕಿನ ಹುಚ್ಚು.

ಊಟ ಮುಗಿಸಿ ನಾನು ಜೋಕಾಲಿ ಕಟ್ಟಿದ ಕಡೆ ಇದ್ದೆ. ಮಗ ಒಳಗಿಂದ ಬಂದು ನನ್ನ ಸೀರೆ ಹಿಡಿದು "ಅವ್ವಾ, ಬಾಯಾಗ ಕಡಿಯಾಕ ಹತ್ತೈತಿ" ಎಂದ. ಧ್ವನಿ ಅವನದಾಗಿರಲಿಲ್ಲ, ಒಡೆದಿತ್ತು. ಕೆಮ್ಮಿದ, ಮತ್ತೆ ಕೆಮ್ಮಿದ, ಎದೆಯಲ್ಲಿ ಸೀಟಿ ಊದಿದಂಥ ಶಬ್ದ ಬಂತು. ಕುತ್ತಿಗೆಯ ತುಂಬ ದದ್ದು. ಎತ್ತಿಕೊಂಡರೆ ಕೈಕಾಲು ಜೋತುಬಿದ್ದವು. ಒಳಗೆ ಓಡಿ ಅವನನ್ನು ನೆಲಕ್ಕೆ ಮಲಗಿಸಿ ಕಪಾಟಿನಿಂದ ಇಂಜೆಕ್ಷನ್ನಿನ ಡಬ್ಬಿ ತೆಗೆದೆ. ಅತ್ತೆ ಉಪ್ಪು ಹಿಡಿದುಕೊಂಡು ಬಂದರು. "ದೂರ ಸರೀರಿ" ಎಂದು ನಾನು ಕಿರುಚಿದ್ದು ಓಣಿಗೆಲ್ಲ ಕೇಳಿಸಿತಂತೆ. ಬಾಟಲಿಯ ಕುತ್ತಿಗೆ ಮುರಿದೆ, ಗೆರೆಯ ತನಕ ಎಳೆದೆ, ತೊಡೆಗೆ ಚುಚ್ಚಿದೆ. ಮೋಸಂಬಿ ಅಳುವುದಿಲ್ಲ. ಇವನು ಅಳಲು ಉಸಿರಿಲ್ಲದೆ ನನ್ನನ್ನೇ ನೋಡಿದ.

ಗಂಡ ಗಾಡಿ ತೆಗೆದರು, ಸರಕಾರಿ ದವಾಖಾನೆಗೆ ಹೋದೆವು. ದಾರಿಯಲ್ಲೇ ಅವನು ಒಂದು ಸಲ ಗಟ್ಟಿಯಾಗಿ ಅತ್ತ. ಅಷ್ಟು ಒಳ್ಳೆಯ ಶಬ್ದವನ್ನು ನಾನು ಕೇಳಿಲ್ಲ. ಡಾಕ್ಟರು ಆಮ್ಲಜನಕ ಹಚ್ಚಿ, ಸಲೈನ್ ಏರಿಸಿ, ನೀವು ಇಂಜೆಕ್ಷನ್ ಕೊಡದೆ ಬಂದಿದ್ದರೆ ಎಂದು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ಏನು ತಿಂದ ಎಂದು ಕೇಳಿದರು. ಹಿಂದೆಯೇ ಆಟೋದಲ್ಲಿ ಬಂದಿದ್ದ ಅತ್ತೆ ನನಗಿಂತ ಮೊದಲು ಬಾಯಿ ಹಾಕಿದರು, "ಏನೋ ಹೊರಗಿಂದು ಹೊಲಸ ತಿಂದಾನ್ರಿ, ಪ್ಯಾಟ್ಯಾಗಿಂದು."

ಆಗ ನನ್ನ ತಲೆಯಲ್ಲಿ ಏನೋ ಹರಿಯಿತು. ವಾರ್ಡಿನಲ್ಲಿ ಊರವರಿದ್ದರು, ನಮ್ಮ ಗಾಣದ ಗಿರಾಕಿಗಳೂ ಇದ್ದರು. ಇರಲಿ ಎಂದೇ ಗಟ್ಟಿಯಾಗಿ ಹೇಳಿದೆ.

"ಶೇಂಗಾರಿ. ಪ್ಯಾಟಿದಲ್ಲ, ನಮ್ಮ ಗಾಣದ್ದು. ಹುಟ್ಟಿದಾಗಿಂದ ಹರದ ಮೈಗೆ ಗಸಿ ಎಣ್ಣಿ ತಿಕ್ಕಿ ತಿಕ್ಕಿ ಇವನ ಮೈಯಾಗ ಶೇಂಗಾಕ್ಕ ವೈರ ಹುಟ್ಟಿಸೇವಿ. ಮೂರೂವರಿ ವರ್ಷ ಅದನ್ನ ಉಷ್ಣ ಉಷ್ಣ ಅಂತ ಮುಚ್ಚಿಟ್ಟೇವಿ. ಯಾರ ಮನ್ಯಾಗರ ಕೂಸಿನ ಮೈ ಒಡದಿದ್ರ ಉಜ್ಜಬ್ಯಾಡ್ರಿ, ನಮ್ಮ ಎಣ್ಣಿ ಹಚ್ಚಬ್ಯಾಡ್ರಿ."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ನಡೆದರು. ನನ್ನ ಗಂಡ ನನ್ನನ್ನು ಗದರುತ್ತಾರೆಂದುಕೊಂಡೆ. ಅವರು ಮಗನ ಪಾದ ಹಿಡಿದುಕೊಂಡು "ಹೌದ್ರಿ, ಅಕಿ ಹೇಳಿದ್ದ ಖರೆ" ಎಂದರು. ಮೂರೂವರೆ ವರ್ಷ ತಡವಾಗಿ ಬಂದ ಮಾತು. ಬಂತಲ್ಲ ಎಂದು ನನಗೇನೂ ಸಂತೋಷವಾಗಲಿಲ್ಲ.

ಅತ್ತೆಯ ಆಟೋದಲ್ಲೇ ಬಂದಿದ್ದ ನಾದಿನಿ ಗೋಡೆಗೆ ಒರಗಿ ನಿಂತಿದ್ದಳು. ಅವಳೇ ಹೇಳಿದಳು. ನನ್ನ ಡಬ್ಬಿಯ ಒಂದು ಉಂಡಿ ಒಡೆದು, ಶೇಂಗಾ ಪುಡಿ ಚಿಟಿಕೆಯಷ್ಟು ಸೇರಿಸಿ, ಮತ್ತೆ ಕಟ್ಟಿ ಕೊಟ್ಟಿದ್ದಳು. ಅವನಿಗೆ ಏನೂ ಆಗುವುದಿಲ್ಲ ಎಂದು ತೋರಿಸಿ ಸಂಜೆ ಎಲ್ಲರ ಮುಂದೆ ನನ್ನ ಅಂಜಿಕೆಗೆ ನನ್ನನ್ನೇ ನಗಿಸಬೇಕೆಂದಿದ್ದಳಂತೆ. "ಪ್ರೀತಿಲೆ ಕೊಟ್ಟೆ ವೈನಿ, ದೇವರಾಣಿ, ಪ್ರೀತಿಲೆ" ಎಂದು ಅಳುತ್ತಿದ್ದಳು. ಅದು ಸುಳ್ಳಲ್ಲ. ನನ್ನ ಸಿಟ್ಟು ಇರುವುದೂ ಅದಕ್ಕೇ. ವೈರಿಯಾಗಿದ್ದರೆ ಬಾಗಿಲು ಹಾಕಿಕೊಳ್ಳಬಹುದಿತ್ತು. ಎಣ್ಣೆ ತಿಕ್ಕಿದ್ದೂ ಪ್ರೀತಿ, ಮುಚ್ಚಿಟ್ಟದ್ದೂ ಮನೆತನದ ಪ್ರೀತಿ, ಉಂಡಿ ಒಡೆದು ಕಟ್ಟಿದ್ದೂ ಪ್ರೀತಿ. ಇಂಥ ಪ್ರೀತಿಗೆ ಬೆಂಕಿ ಬೀಳಲಿ ಎಂದು ಅವಳ ಮುಖಕ್ಕೇ ಹೇಳಿದೆ.

ಮರುದಿನ ಮಧ್ಯಾಹ್ನ ಮಗನನ್ನು ಮನೆಗೆ ಕರೆತಂದೆವು. ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ನಾದಿನಿ ಒಂದು ಬಾಳೆಹಣ್ಣು ತಂದಳು. ತಾನೇ ಅಂಗಡಿಯಿಂದ ತಂದದ್ದು, ಕೈಯನ್ನು ಸೋಪಿನಿಂದ ತೊಳೆದುಕೊಂಡು ಬಂದದ್ದು ನಾನು ನೋಡಿದ್ದೆ. ಮಗನ ಮುಂದೆ ಕುಕ್ಕರಗಾಲಲ್ಲಿ ಕೂತು, ಸಿಪ್ಪೆ ಸುಲಿದು, ತುತ್ತು ಮುರಿದು ಅವನ ಬಾಯಿಯ ಹತ್ತಿರ ಹಿಡಿದಳು. ಮೊದಲೆಲ್ಲ ಅವಳ ಕೈ ಮುಂದೆ ಬಂದರೆ ಏನಿದೆಯೆಂದು ನೋಡದೆ ಹಕ್ಕಿಮರಿಯಂತೆ ಬಾಯಿ ತೆರೆಯುತ್ತಿದ್ದ ಹುಡುಗ ಎರಡೂ ತುಟಿ ಬಿಗಿಹಿಡಿದ. ಅವಳ ಕೈಯನ್ನು ನೋಡಿದ, ಅವಳ ಮುಖ ನೋಡಿದ.

"ಅತ್ತಿ, ಇದರಾಗ ಏನ ಹಾಕೀ?"

ನಾದಿನಿ ಹಣ್ಣನ್ನು ಹಾಗೇ ಹಿಡಿದುಕೊಂಡು ಅಳತೊಡಗಿದಳು. ಅತ್ತೆ ನನ್ನ ಕಡೆ ನೋಡಿದರು, ಮಗನಿಗೆ ಏನಾದರೂ ಹೇಳು, ತಿನ್ನು ಅನ್ನು ಎಂಬಂತೆ. ನಾನು ಹೇಳಲಿಲ್ಲ. "ಶಾಣ್ಯಾ ಅದಿ" ಎಂದು ಮಗನ ತಲೆ ಸವರಿದೆ. ಸ್ವಂತ ಸೋದರತ್ತೆಯ ಕೈತುತ್ತನ್ನು ನಂಬದಿದ್ದುದಕ್ಕೆ ಐದು ವರ್ಷದ ಮಗನಿಗೆ ಶಾಬಾಸ್ ಹೇಳುವಂಥ ತಾಯಿಯನ್ನಾಗಿ ನನ್ನನ್ನು ಮಾಡಿದ್ದಕ್ಕೆ ನಾನು ಆ ಪಡಸಾಲೆಯಲ್ಲಿ ಕೂತಿದ್ದ ಯಾರನ್ನೂ ಇನ್ನೂ ಕ್ಷಮಿಸಿಲ್ಲ.